ಯಾವ ಮಣ್ಣಿನ ಮೇಲೆ ಕಾರ್ಖಾನೆ?

ತುಮಕೂರು ಜಿಲ್ಲೆಗೆ ಕಾರ್ಖಾನೆಗಳು ಬರಲಿ. ಈ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಇಲ್ಲವಾದರೆ ಮಣ್ಣಿನ ಮಾತೆತ್ತಿದವರನ್ನೆಲ್ಲ ಪ್ರಗತಿಯ ವೈರಿಗಳೆಂದು ಸಾರಲು ಕೆಲವರು ಕಾದು ಕುಳಿತಿದ್ದಾರೆ. ದುಡಿಯುವ ಕೈಗೆ ಕೆಲಸ ಕೊಡಿರೆಂದು ಹೋರಾಡಿದ ಪಕ್ಷಕ್ಕೆ ಕಾರ್ಖಾನೆಯ ಮೇಲೆ ಹಗೆಯಿರಲು ಸಾಧ್ಯವಿಲ್ಲ. ನಾವು ಕೇಳುವುದು ಇಷ್ಟೇ: ಯಾವ ಮಣ್ಣಿನ ಮೇಲೆ?

ನಮ್ಮ ಸೀಮೆಯ ನೆಲವೆಲ್ಲ ಒಂದೇ ಬಗೆಯದಲ್ಲ. ಗುಬ್ಬಿಯ ಕಡೆಯಾಗಲಿ ಕುಣಿಗಲ್ ಕಡೆಯಾಗಲಿ, ದಿಣ್ಣೆಯ ನೆತ್ತಿಯಿಂದ ಕೆರೆಯವರೆಗೆ ನಡೆದು ನೋಡಿದ ಯಾರಿಗೂ ಇದು ಗೊತ್ತು. ನೆತ್ತಿಯಲ್ಲಿ ಗರಸು, ಗೇಣುದ್ದ ಅಗೆದರೆ ಬಂಡೆ. ನಡು ಇಳಿಜಾರಿನಲ್ಲಿ ಆಳವಾದ ಕೆಂಪು ಗೋಡು. ರಾಗಿ, ಅವರೆ, ತೊಗರಿಗಳ ತವರು. ಕೆರೆಯ ಅಚ್ಚುಕಟ್ಟಿನಲ್ಲಿ ಜಿಗುಟು ಮಣ್ಣು. ಅಲ್ಲಿ ಭತ್ತ, ಅಕ್ಕಪಕ್ಕದಲ್ಲಿ ತೆಂಗು, ಅಡಕೆ.

ಆದರೆ ಸರ್ಕಾರದ ಕಾಗದಕ್ಕೆ ಇದೇನೂ ಕಾಣದು. ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂಬ ಕಲಮೊಂದಿದೆ. ಅದರಲ್ಲಿ ‘ಕೆಂಪು’ ಎಂದು ಬರೆದರೆ ಕೆಲಸ ಮುಗಿಯಿತು. ಆಳುದ್ದ ಬೇರು ಇಳಿಯುವ ಕೆಂಪೂ ಕೆಂಪೇ, ನೇಗಿಲಿಗೆ ಬಂಡೆ ತಗಲುವ ಕೆಂಪೂ ಕೆಂಪೇ! ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ ಬೆಳೆದದ್ದು ಕಂದಾಯ ಕಟ್ಟುವ ಸಲುವಾಗಿ. 1863ರ ನಂತರ ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯಂತೆ ಸರ್ವೆ ನಡೆದಾಗ ಅಧಿಕಾರಿಗಳು ಮಣ್ಣನ್ನು ಅಗೆಸಿ ನೋಡಿ ತರಗತಿ ಕಟ್ಟಿದ್ದುಂಟು. ಉಳುವವನಿಂದ ಎಷ್ಟು ವಸೂಲು ಮಾಡಬಹುದೆಂದು ತಿಳಿಯಲು ಅಂದು ಗುದ್ದಲಿ ಹಿಡಿದ ಸರ್ಕಾರ, ಅದೇ ಭೂಮಿಯನ್ನು ಕಳೆಯುವ ಮುನ್ನ ಇಂದು ಗುದ್ದಲಿ ಹಿಡಿಯಲು ಏಕೆ ಹಿಂಜರಿಯಬೇಕು?

ಇದಕ್ಕೆ ಬೇಕಾದ ವಿದ್ಯೆ ಹೊಸದೇನಲ್ಲ. ಅಮೆರಿಕದ ಕೃಷಿ ಇಲಾಖೆ 1961ರಲ್ಲಿ ಪ್ರಕಟಿಸಿದ ಪದ್ಧತಿಯಂತೆ ನೆಲವನ್ನು ಎಂಟು ವರ್ಗ ಮಾಡುತ್ತಾರೆ. ಆಳ, ಇಳಿಜಾರು, ಕಲ್ಲು, ಕೊರೆತ, ನೀರು ಬಸಿಯುವ ಬಗೆ ಇವೆಲ್ಲವನ್ನೂ ತೂಗಿ ನೋಡುತ್ತಾರೆ. ಮೊದಲ ನಾಲ್ಕು ವರ್ಗ ಉಳುಮೆಗೆ. ಐದರಿಂದ ಏಳು ಹುಲ್ಲುಗಾವಲಿಗೆ, ಕಾಡಿಗೆ. ಎಂಟನೆಯದು ಬಂಡೆ, ಕೊರಕಲು. ನಮ್ಮ ದೇಶದಲ್ಲಿ ಮಣ್ಣು ಸಮೀಕ್ಷೆಗೆಂದೇ 1976ರಲ್ಲಿ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಸುಜಲಾ ಯೋಜನೆಯಲ್ಲಿ ಕರ್ನಾಟಕದ ಅನೇಕ ಜಲಾನಯನಗಳ ಮಣ್ಣನ್ನು ಸರ್ವೆ ನಂಬರುವಾರು ನಕ್ಷೆಗೆ ಇಳಿಸಿದ್ದಾರೆ. ತಜ್ಞರಿದ್ದಾರೆ, ಮಾರ್ಗವಿದೆ. ಇಲ್ಲದಿರುವುದು ಮನಸ್ಸು.

ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿತ್ತು, 2023ರಲ್ಲಿ ಅದು ಉದ್ಘಾಟನೆಯಾಯಿತು. ಉಳುವ ಹೊಲವನ್ನು ಬಿಟ್ಟು ಕಾವಲಿನಲ್ಲಿ ಕಟ್ಟುವುದು ವಾಸಿಯೆಂದೇ ಒಪ್ಪೋಣ. ಆದರೂ ಕಾವಲೆಂದರೆ ಬಂಜರೆಂದು ಭಾವಿಸಬಾರದು; ದನಕರುಗಳಿಗೆ ಅದೇ ಹೊಲ. ಅದಕ್ಕೂ ಲೆಕ್ಕವಿರಬೇಕು.

ಕಾಯಿದೆಯ ರಕ್ಷೆ ಎಷ್ಟಿದೆ? 2013ರ ಭೂಸ್ವಾಧೀನ ಕಾಯಿದೆ ನೀರಾವರಿಯ ಬಹುಬೆಳೆ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ರಾಗಿ ಬೆಳೆಯುವ ಒಳ್ಳೆಯ ಖುಷ್ಕಿಗೆ ಅಷ್ಟು ಬಿಗಿಯಾದ ಮಾತಿಲ್ಲ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಂತೂ 1966ರ ತನ್ನದೇ ಕಾಯಿದೆಯಂತೆ ಭೂಮಿ ಹಿಡಿಯುತ್ತದೆ. ಸಾಲದ್ದಕ್ಕೆ, ಬೇಸಾಯಗಾರನಲ್ಲದವನು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಲಾಯಿತು. ಹೀಗಿರುವಾಗ ಹೆದ್ದಾರಿಯ ಪಕ್ಕದ ಹೊಲಕ್ಕೆ ಬೆಲೆ ಕಟ್ಟುವುದು ಮಣ್ಣಿನ ಗುಣ ನೋಡಿ ಅಲ್ಲ, ರಸ್ತೆಯ ದೂರ ನೋಡಿ.

ಗಿರಣಿಯ ಕಾರ್ಮಿಕನಿಗೂ ಪೇಟೆಯ ಚಿಲ್ಲರೆ ವ್ಯಾಪಾರಿಗೂ ಈ ಗೊಡವೆ ಏಕೆಂದು ಕೇಳಬಹುದು. ಅಕ್ಕಿ ಗಿರಣಿ ತಿರುಗುವುದು ಗದ್ದೆಯಿಂದ. ಎಣ್ಣೆ ಗಿರಣಿ ತಿರುಗುವುದು ಹೊಲದಿಂದ. ಸುಗ್ಗಿಯಲ್ಲಿ ರೈತನ ಕೈಯಲ್ಲಿ ಕಾಸಾಡಿದರೆ ಬಟ್ಟೆ ಅಂಗಡಿಯ ಬಾಗಿಲಲ್ಲೂ ಗಿರಾಕಿ ಕಾಣುತ್ತಾನೆ. ಹತ್ತಿರದ ಹೊಲ ಹೋದರೆ ರಾಗಿ ದೂರದಿಂದ ಬರಬೇಕು, ಲಾರಿಯ ಬಾಡಿಗೆ ಕೂಲಿಯವನ ಮುದ್ದೆಯ ಮೇಲೆ ಬೀಳಬೇಕು. ಕಾರ್ಖಾನೆ ಮುಚ್ಚಿದರೆ ಇನ್ನೊಂದನ್ನು ಕಟ್ಟಬಹುದು. ಮಳೆಗಾಳಿಗಳು ಸಾವಿರಾರು ವರ್ಷ ಬಂಡೆಯನ್ನು ಅರೆದು ಮಾಡಿದ ಮಣ್ಣನ್ನು ಕಾಂಕ್ರೀಟಿನ ಕೆಳಗೆ ಹೂತ ಮೇಲೆ ಯಾವ ಮಂತ್ರಿಯೂ ಮರಳಿ ತರಲಾರ.

ಆದ್ದರಿಂದ ನಮ್ಮ ಒತ್ತಾಯಗಳು ಇವು:

ಒಂದು, ಪಹಣಿಯಲ್ಲಿ ಮಣ್ಣಿನ ಬಣ್ಣದ ಜೊತೆಗೆ ಅದರ ಆಳವೂ ಎಂಟರಲ್ಲಿ ಎಷ್ಟನೆಯ ವರ್ಗವೆಂಬುದೂ ಅಚ್ಚಾಗಲಿ.

ಎರಡು, ಭೂಸ್ವಾಧೀನಕ್ಕಾಗಲಿ ಬಡಾವಣೆಯ ಪರಿವರ್ತನೆಗಾಗಲಿ ಅಪ್ಪಣೆ ಕೊಡುವ ಮೊದಲು ಆ ವರ್ಗವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮೇಲಿನ ಮೂರು ವರ್ಗದ ನೆಲ, ನೀರಾವರಿಯಾಗಲಿ ಖುಷ್ಕಿಯಾಗಲಿ, ಕಟ್ಟಡಕ್ಕೆ ಕಟ್ಟಕಡೆಯ ಆಯ್ಕೆಯಾಗಲಿ.

ಮೂರು, ಕಾವಲು, ಗೋಮಾಳ ಹೋದಲ್ಲಿ ಅದೇ ಹೋಬಳಿಯಲ್ಲಿ ಮೇವಿನ ನೆಲ ಒದಗಿಸಲಿ.

ನಾಲ್ಕು, ಅನಿವಾರ್ಯವಾಗಿ ಕಟ್ಟಿದ ಕಡೆ ಮೇಲ್ಮಣ್ಣನ್ನು ಕೆತ್ತಿ ತೆಗೆದು ಬಡ ರೈತರ ಗರಸು ಹೊಲಗಳಿಗೆ ಸಾಗಿಸಲಿ. ಅದು ಇಟ್ಟಿಗೆ ಗೂಡಿನ ಪಾಲಾಗದಿರಲಿ.

ಹೇಮಾವತಿಯ ಎಕ್ಸ್‌ಪ್ರೆಸ್ ಕಾಲುವೆಯ ವಿಚಾರದಲ್ಲಿ ಗುಬ್ಬಿಯೂ ಕುಣಿಗಲೂ ಎದುರುಬದುರಾಗಿ ನಿಂತವು. ನೀರಿಗಾಗಿ ಜಗಳವಾಡುವ ಎರಡು ತಾಲ್ಲೂಕುಗಳು ಮಣ್ಣಿಗಾಗಿ ಒಂದಾಗಲಾರವೇ? ನಾಳೆ ನೀರು ಹರಿದು ಬಂದಾಗ ಅದನ್ನು ಕುಡಿಯುವ ಹೊಲವೇ ಉಳಿಯದಿದ್ದರೆ ಗೆದ್ದವರಾರು, ಸೋತವರಾರು? ರೈತ, ಕಾರ್ಮಿಕ, ವ್ಯಾಪಾರಿ ಈ ಪ್ರಶ್ನೆಯನ್ನು ಒಟ್ಟಾಗಿ ಕೇಳುವ ಕಾಲ ಬಂದಿದೆ.