ಮುಳ್ಳು ಇಳಿದರೆ ಎಂಜಿನ್ ತಣಿಯಿತೆಂದಲ್ಲ



ಬೋರ್ಡೋ ದ್ರಾವಣ, ಕಾಂಡಕೊರಕ, ಸಾಲದ ಕಂತು ಎಂದು ಬರೆಯುತ್ತಿದ್ದ ಕಾರ್ಯದರ್ಶಿಗೆ ವ್ಯಾನಿನ ಉಸಾಬರಿ ಏಕೆಂದು ಕೆಲವರು ಕೇಳಬಹುದು. ನಮ್ಮ ಸದಸ್ಯರಲ್ಲಿ ಅನೇಕರ ಶೆಡ್ಡಿನಲ್ಲಿ ಇಂದಿಗೂ ಹಳೆಯ ಮಾರುತಿ ವ್ಯಾನ್ ಇದೆ. 1984ರಲ್ಲಿ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆಗ ಅದರ ಹೆಸರು ಓಮ್ನಿ. ತಯಾರಿಕೆ ನಿಂತರೂ ನಮ್ಮ ಗಾಡಿಗಳು ನಿಂತಿಲ್ಲ. ಅಡಿಕೆ ಚೀಲ, ಗೊಬ್ಬರದ ಮೂಟೆ, ಮದುವೆಯ ನೆಂಟರು ಎಲ್ಲವನ್ನೂ ಹೊತ್ತು ಆ 796 ಸಿಸಿ ಎಂಜಿನ್ ಘಾಟಿ ಹತ್ತುತ್ತಲೇ ಇದೆ.

ನನ್ನದೇ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಉಜಿರೆಯಿಂದ ಹೇರು ತುಂಬಿಕೊಂಡು ಚಾರ್ಮಾಡಿ ಹತ್ತುತ್ತಿದ್ದೆ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿ ಮೇಲೇರಿತ್ತು. ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈಮುಗಿದು ಹೊರಟ ಸ್ವಲ್ಪ ಹೊತ್ತಿನಲ್ಲೇ ಅದು ಸರ್ರನೆ ಕೆಳಗಿಳಿಯಿತು. ಪಕ್ಕದಲ್ಲಿದ್ದ ಭಾವನವರು "ತಂಗಾಳಿ ತಾಗಿತು ನೋಡಿ" ಎಂದರು. ನಾನೂ ಹಾಗೆಯೇ ನಂಬಿ ಆಕ್ಸಿಲರೇಟರ್ ಒತ್ತಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಕಟಕಟ ಎಂದು ನಿಂತೇಹೋಯಿತು. ಕೆಳಗಿನ ಹೋಸ್ ಪೈಪು ಒಡೆದು ನೀರೆಲ್ಲ ರಸ್ತೆಗೆ ಹರಿದಿತ್ತು. ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಬಾಗಿತ್ತು. ಮೂರು ವಾರ ಗಾಡಿ ಗ್ಯಾರೇಜಿನಲ್ಲಿ. ಕೊಯ್ಲಿನ ಆಳುಗಳನ್ನು ಬಾಡಿಗೆ ಜೀಪಿನಲ್ಲಿ ತರಿಸಿದೆ.

ಮುಳ್ಳು ಸುಳ್ಳು ಹೇಳಿರಲಿಲ್ಲ. ಅದರ ಸೆನ್ಸರ್ ಇರುವುದು ನೀರಿನ ದಾರಿಯಲ್ಲಿ. ಅದಕ್ಕೆ ಗೊತ್ತಾಗುವುದು ತನ್ನನ್ನು ಮುಟ್ಟಿದ ನೀರಿನ ಬಿಸಿ ಮಾತ್ರ. ನೀರು ಖಾಲಿಯಾಗಿ ಅಲ್ಲಿ ಬರೀ ಗಾಳಿ ಉಳಿದರೆ, ಕಬ್ಬಿಣ ಕೆಂಡವಾಗುತ್ತಿದ್ದರೂ ಮುಳ್ಳು ಎಷ್ಟೋ ಸಲ ಕೆಳಗೇ ಬೀಳುತ್ತದೆ. ಏರಿನಲ್ಲಿ ಭಾರ ಎಳೆಯುವಾಗ ಮುಳ್ಳು ನಿಧಾನವಾಗಿ ಏರುವುದು ಸಹಜ. ಕಾರಣವಿಲ್ಲದೆ ದಿಢೀರನೆ ಇಳಿಯುವುದು ಸಹಜವಲ್ಲ. ಆಗ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ.

ಇನ್ನು ಥರ್ಮೋಸ್ಟಾಟ್. "ನಮ್ಮ ಘಾಟಿಗೆ ಇದು ಬೇಡ ಸ್ವಾಮಿ" ಎಂದು ಕಿತ್ತು ಕೈಗೆ ಕೊಡುವ ಮೆಕ್ಯಾನಿಕರು ನಮ್ಮ ಕಡೆ ಬಹಳ. ನನ್ನ ವ್ಯಾನಿನದನ್ನೂ ಹಾಗೆಯೇ ಕಿತ್ತಿದ್ದರು, ನಾನು ಪದವೀಧರ ಸುಮ್ಮನೆ ತಲೆಯಾಡಿಸಿದ್ದೆ. ಅದೊಂದು ಸಣ್ಣ ಬಾಗಿಲು. ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸಿನಲ್ಲಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಬದಲಾಯಿಸಬೇಕು ನಿಜ. ಕಿತ್ತೇಬಿಟ್ಟರೆ ಮುಳ್ಳೇನೋ ಕೆಳಗಿರುತ್ತದೆ, ಮನಸ್ಸಿಗೂ ಹಿತ. ಆದರೆ ನಮ್ಮ ಮಳೆಗಾಲದಲ್ಲಿ ತೋಟದಿಂದ ಸೊಸೈಟಿಗೆ ಎರಡು ಮೈಲಿ ಹೋಗಿಬರುವ ಗಾಡಿ ಬಿಸಿಯೇ ಏರುವುದಿಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ನೀರಿನ ಪಸೆ ಆವಿಯಾಗದೆ ಕೆಸರು ಕಟ್ಟುತ್ತದೆ. ಇಷ್ಟಾಗಿ, ಕಟ್ಟಿಕೊಂಡ ರೇಡಿಯೇಟರ್ ಎಂಬ ಮೂಲ ರೋಗ ಹಾಗೆಯೇ ಉಳಿದಿರುತ್ತದೆ. ಕಿತ್ತವರೆಲ್ಲ ಹೊಸದನ್ನು ಹಾಕಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ರೇಡಿಯೇಟರಿನ ಮುಚ್ಚಳವನ್ನೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. 3,000 ಅಡಿ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒತ್ತಡ ಹಿಡಿದಿಡುವುದರಿಂದಲೇ ಅದೇ ನೀರು 110 ದಾಟಿದರೂ ಕುದಿಯದೆ ನಿಲ್ಲುತ್ತದೆ. ರಬ್ಬರು ಒಣಗಿದ ಮುಚ್ಚಳಕ್ಕೆ ಈ ಶಕ್ತಿ ಇಲ್ಲ. ಬಿಸಿಯಿರುವಾಗ ಅದನ್ನು ತಿರುಗಿಸಿದರೆ ಒತ್ತಡ ತಪ್ಪಿ ನೀರು ಒಮ್ಮೆಲೇ ಉಕ್ಕಿ ಮುಖಕ್ಕೆ ಹೊಡೆಯುತ್ತದೆ. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಮುಟ್ಟಬೇಡಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ.

ಹಳ್ಳದ ನೀರು ಮೆದುವೇ, ಆದರೆ ತುಕ್ಕು ತಡೆಯುವ ಗುಣ ಅದಕ್ಕಿಲ್ಲ. ಬೋರ್‌ವೆಲ್ ನೀರಾದರೆ ಒಳಗೆ ಉಪ್ಪು ಕಟ್ಟುತ್ತದೆ. ಆಪತ್ತಿಗೆ ಯಾವುದಾದರೂ ಸರಿ, ನಿತ್ಯಕ್ಕೆ ಕೂಲೆಂಟ್ ಬೇಕು. ಗಟ್ಟಿ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ. ಸಿಹಿಯೆಂದು ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು ಸಾಯಲು. ಮಕ್ಕಳ ಕೈಗೂ ಸಿಗಬಾರದು.

ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ನೀರಿನ ಮಟ್ಟ ನೋಡಿ. ಹೋಸ್ ಪೈಪನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಬಿರಿದಿದ್ದರೆ ಅಥವಾ ಹಣ್ಣಾದ ಸಪೋಟದಂತೆ ಮೆತ್ತಗಿದ್ದರೆ ಬದಲಾಯಿಸಿ. ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದ್ದು, ಆಯಿಲು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸದೆ ಘಾಟಿಗೆ ಇಳಿಯಬೇಡಿ.

ನಮ್ಮ ಗೋದಾಮಿನಲ್ಲಿ ಮೈಲುತುತ್ತ ಸಿಗುತ್ತದೆ, ಸುಣ್ಣ ಸಿಗುತ್ತದೆ, ಕೂಲೆಂಟ್ ಸಿಗುವುದಿಲ್ಲ. ಸಗಟು ದರದಲ್ಲಿ ತರಿಸಿ ಸದಸ್ಯರಿಗೆ ಕೊಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಮಂಡಿಸುತ್ತಿದ್ದೇನೆ. ಬೇಕಾದವರು ಎಷ್ಟು ಲೀಟರ್ ಎಂದು ಕಚೇರಿಯಲ್ಲಿ ಬರೆಸಿ ಹೋಗಿ. ಬೇಡವೆನ್ನುವವರೂ ಸಭೆಗೆ ಬಂದು ಹೇಳಲಿ.

— ಕಾರ್ಯದರ್ಶಿ