ಇಂಜಿನ್ ದೊಡ್ಡದು ಮಾಡುವ ಮೊದಲು ದೋಣಿಯ ತಳ ನೋಡಿ

ದೋಣಿ ಓಡುತ್ತಿಲ್ಲ ಎಂದರೆ ನಮ್ಮ ಕರಾವಳಿಯಲ್ಲಿ ಮೊದಲು ಬೈಗುಳ ತಿನ್ನುವುದು ಇಂಜಿನ್. ಕಾರ್ಬ್ಯುರೇಟರ್ ಬಿಚ್ಚುತ್ತೇವೆ, ಪ್ರೊಪೆಲ್ಲರ್ ಬದಲಿಸುತ್ತೇವೆ, ಕೊನೆಗೆ ಸಾಲ ಮಾಡಿ ಹೆಚ್ಚು ಎಚ್‌ಪಿಯ ಇಂಜಿನ್ ತರುತ್ತೇವೆ. ದೋಣಿ ಮಗುಚಿ ತಳ ನೋಡುವವರು ಕಡಿಮೆ. ಈ ಅಭ್ಯಾಸ ದುಬಾರಿ ಮಾತ್ರವಲ್ಲ, ಅಪಾಯವೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಔಟ್‌ಬೋರ್ಡ್ ಇಂಜಿನ್ ಹಾಕಿದ ಹಗುರ ಫೈಬರ್ ದೋಣಿ ವೇಗ ಹಿಡಿದಾಗ ನೀರಿನ ಮೇಲೆದ್ದು ಜಾರುತ್ತದೆ. ಆಗ ಅದರ ಭಾರವನ್ನೆಲ್ಲ ಹೊರುವುದು ತಳದ ಹಿಂಭಾಗ. ಇಂಜಿನ್ ಕೂರಿಸುವ ಹಲಗೆಯಿಂದ ಮುಂದಕ್ಕೆ ಐದಾರು ಅಡಿ ಉದ್ದ ತಳ ನೇರವಾಗಿರಬೇಕು.

ಅಲ್ಲಿ ತಳ ಒಳಕ್ಕೆ ಗುಳಿಬಿದ್ದು ಹಿಂದಿನ ಅಂಚು ಕೆಳಗೆ ಬಾಗಿದ್ದರೆ, ನೀರು ಹಿಂಬದಿಯನ್ನು ಎತ್ತಿ ಮೂತಿಯನ್ನು ಕೆಳಗೆ ಒತ್ತುತ್ತದೆ. ವೇಗ ಕುಸಿಯುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ. ಅಳಿವೆ ಬಾಯಲ್ಲಿ ಹಿಂದಿನಿಂದ ಅಲೆ ಬಂದರೆ ಮೂತಿ ನೀರಿಗೆ ಕಚ್ಚಿ ದೋಣಿ ಅಡ್ಡ ತಿರುಗಬಹುದು. ದೋಣಿ ಮಗುಚುವುದು ಹೀಗೆಯೇ. ತಳ ಹೊರಕ್ಕೆ ಉಬ್ಬಿದ್ದರೆ ತೊಂದರೆ ಬೇರೆ: ಹಿಂಬದಿ ಕೂರುತ್ತದೆ, ಮೂತಿ ಕುದುರೆಯಂತೆ ಎದ್ದು ಬೀಳುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಬಾಗದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ತಳದ ಮೇಲೆ ಉದ್ದಕ್ಕೆ ಇಡಿ. ನಡುವೆ ಬೆಳಕು ಕಂಡರೆ ಗುಳಿ, ಎರಡು ತುದಿಯಲ್ಲಿ ಕಂಡರೆ ಉಬ್ಬು. ಎಡಬಲ ಎರಡೂ ಕಡೆ ನೋಡಿ. ಹಿಂದಿನ ಅಂಚನ್ನೂ ಕೈಯಿಂದ ಮುಟ್ಟಿ ನೋಡಿ. ಅದು ಚೂಪಾಗಿದ್ದರೆ ನೀರು ಥಟ್ಟನೆ ಬಿಡುತ್ತದೆ. ಸವೆದು ದುಂಡಗಾಗಿದ್ದರೆ ಅಂಟಿಕೊಂಡು ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ.

ತಳ ಕೆಡಲು ಕಾರಣ ಬಹಳ ಸಲ ನಾವೇ. ಮರಳಿನ ಮೇಲೆ ಎಳೆಯುತ್ತೇವೆ. ಇಂಜಿನ್ ಸಮೇತ ಎರಡೇ ದಿಮ್ಮಿಯ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ತೂತು ಬಿದ್ದಲ್ಲಿ ತೇಪೆಯ ಮೇಲೆ ತೇಪೆ ಹಾಕುತ್ತೇವೆ.

ಸರಿಪಡಿಸುವುದು ಫೈಬರ್ ಕೆಲಸದವರಿಗೆ ಗೊತ್ತಿರುವ ಕೆಲಸವೇ. ಮೊದಲು ತಳ ಪೂರ್ತಿ ಒಣಗಬೇಕು. ಹಳೆಯ ಬಣ್ಣ ತೆಗೆದು, ಗುಳಿ ಇದ್ದಲ್ಲಿ ಮ್ಯಾಟ್ ಮತ್ತು ರೆಸಿನ್ ಹಾಕಿ ತುಂಬಬೇಕು. ಉಬ್ಬಿದ್ದರೆ ಅದನ್ನು ಕೊರೆದು ತೆಗೆಯುವುದಲ್ಲ, ಹಿಂದಿನ ಅಂಚಿನ ಕಡೆ ತುಂಬಿಸಿ ನೇರ ಮಾಡಬೇಕು. ಕೊರೆದರೆ ತಳ ತೆಳುವಾಗುತ್ತದೆ. ಮೇಲೆ ತೆಳ್ಳಗೆ ಪುಟ್ಟಿ ಹಚ್ಚಿ, ಉದ್ದ ಹಲಗೆಗೆ ಮರಳು ಕಾಗದ ಕಟ್ಟಿ ಉಜ್ಜಬೇಕು. ಬರೀ ಕೈಯಲ್ಲಿ ಉಜ್ಜಿದರೆ ತಳ ಅಲೆಅಲೆಯಾಗುತ್ತದೆ. ಕೊನೆಗೆ ಜೆಲ್‌ಕೋಟ್. ಫೈಬರ್ ಧೂಳು ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು. ಒಳಗಿನ ಮರದ ಆಧಾರ ಕೊಳೆತು ತಳ ಜಗ್ಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿ, ಇಲ್ಲದಿದ್ದರೆ ಹೊರಗೆ ತುಂಬಿದ್ದು ವ್ಯರ್ಥ.

ಆಕಾರದ ಬೆಲೆ ಏನೆಂದು 1960ರಲ್ಲಿ ಮಯಾಮಿ-ನಸ್ಸಾವು ಕಡಲ ಪಂದ್ಯ ತೋರಿಸಿತು. ರೇ ಹಂಟ್ ವಿನ್ಯಾಸದ, ತಳ ಆಳವಾದ 'ವಿ' ಆಕಾರದಲ್ಲಿದ್ದ 'ಮಾಪೀ' ದೋಣಿ ಬಿರುಸಿನ ಅಲೆಗಳ ನಡುವೆ ಗೆದ್ದಿತು. ಹಾಗೆಂದು ನಮಗೂ ಅದೇ ಬೇಕಿಲ್ಲ. ಆಳ 'ವಿ' ಅಲೆಯ ಪೆಟ್ಟು ತಗ್ಗಿಸುತ್ತದೆ, ಆದರೆ ಹೆಚ್ಚು ಶಕ್ತಿ ಬೇಡುತ್ತದೆ, ಮರಳಿನ ದಡಕ್ಕೆ ಎಳೆಯಲು ಕಷ್ಟ. ಚಪ್ಪಟೆ ತಳ ಶಾಂತ ನೀರಲ್ಲಿ ಚುರುಕು, ಅಲೆಯಲ್ಲಿ ಬಡಿಯುತ್ತದೆ. ಬಲೆ, ಮೀನು ತುಂಬಿ ಭಾರವಾದ ದೋಣಿ ಜಾರುವ ವೇಗಕ್ಕೆ ಬರುವುದೇ ಇಲ್ಲ. ಅದಕ್ಕೆ ಪಾಚಿ, ಚಿಪ್ಪು ಕೆರೆದ ನುಣುಪು ತಳವೇ ದೊಡ್ಡ ಲಾಭ.

ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ 10 ಎಚ್‌ಪಿವರೆಗಿನ ಇಂಜಿನ್‌ನ ನಾಡದೋಣಿಗಳಿಗೆ ಮಾತ್ರ ಅವಕಾಶ. ಶಕ್ತಿ ಹೆಚ್ಚಿಸಲಾಗದ ಆ ದಿನಗಳಲ್ಲಿ ತಳವೊಂದೇ ನಮ್ಮ ಕೈಯಲ್ಲಿರುವುದು. ಆದ್ದರಿಂದ ಮೀನುಗಾರಿಕೆ ಇಲಾಖೆ ಮತ್ತು ಮಂಗಳೂರಿನ ಮೀನುಗಾರಿಕೆ ಕಾಲೇಜು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ದಡದಲ್ಲಿ ತಳ ತಪಾಸಣೆ ಶಿಬಿರ ನಡೆಸಲಿ. ಊರಿನ ಫೈಬರ್ ಕೆಲಸದವರಿಗೆ ತರಬೇತಿ ಕೊಡಲಿ. ಸೀಮೆಎಣ್ಣೆಗೆ ಸಬ್ಸಿಡಿ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳೋಣ. ಉಳಿದ ಎಣ್ಣೆಯ ದುಡ್ಡು ಮನೆಗೆ ಬರುತ್ತದೆ, ಹೋದವರೂ ಕ್ಷೇಮವಾಗಿ ದಡ ಸೇರುತ್ತಾರೆ.