ಒದ್ದೆ ಚಡ್ಡಿ ಮಗುವಿನ ತಪ್ಪಲ್ಲ

ಬೆನ್ನಿನ ಮೇಲೆ ಗಂಟಿನೊಡನೆ ಹುಟ್ಟಿದ ಕೂಸನ್ನು ಕಂಡಾಗ ನಮ್ಮ ಜನ ಮೊದಲು ಕೇಳುವುದು ಒಂದೇ ಮಾತು: 'ಇದು ನಡೆದೀತೇ?' ಕೇಳುವುದು ಸಹಜ. ಆದರೆ ಇಂಥ ಮಕ್ಕಳಿಗೆ ಒಳಗೊಳಗೇ ಕುತ್ತು ತರುವುದು ಕಾಲಲ್ಲ, ಮೂತ್ರಕೋಶ. ಇದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ನಾಚಿಕೆ. ಆದುದರಿಂದಲೇ ನಾವು ಇಂದು ಇದನ್ನು ಈ ಅಂಕಣಕ್ಕೆ ಎತ್ತಿಕೊಂಡಿದ್ದೇವೆ.

ಈ ನ್ಯೂನತೆಯನ್ನು ವೈದ್ಯರು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಶಿಶುವಿನ ನರದ ಕೊಳವೆ ಮುಚ್ಚಿಕೊಳ್ಳಬೇಕು. ಅದು ಬೆನ್ನಿನ ಒಂದೆಡೆ ತೆರೆದೇ ಉಳಿದರೆ ಅಲ್ಲಿಂದ ಕೆಳಗಿನ ನರಗಳು ಕೆಡುತ್ತವೆ. ಮೂತ್ರಕೋಶ, ಮಲದ್ವಾರಗಳಿಗೆ ಹೋಗುವ ನರಗಳು ಬೆನ್ನುಹುರಿಯ ತೀರ ತುದಿಯಿಂದ ಹೊರಡುವುದರಿಂದ, ಚೆನ್ನಾಗಿ ನಡೆಯುವ ಮಗುವಿಗೂ ಮೂತ್ರದ ಹಿಡಿತ ಇಲ್ಲದಿರಬಹುದು. ಹಲವರಿಗೆ ತಲೆಯಲ್ಲಿ ನೀರು ತುಂಬಿ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಬುದ್ಧಿ ಮಾತ್ರ ಬಹಳ ಮಕ್ಕಳಲ್ಲಿ ಇತರರಂತೆಯೇ ಇರುತ್ತದೆ.

ಮೂತ್ರಕೋಶ ಹಿಂಡಿದಾಗ ಅದರ ಬಾಯಿ ಸಡಿಲಬೇಕು. ನರ ಕೆಟ್ಟಾಗ ಎಷ್ಟೋ ಮಕ್ಕಳಲ್ಲಿ ಕೋಶ ಹಿಂಡುತ್ತದೆ, ಬಾಯಿಯೂ ಬಿಗಿಯುತ್ತದೆ. ಒಳಗೆ ಒತ್ತಡ ಏರಿ ಮೂತ್ರ ಹಿಂದಕ್ಕೆ, ಮೂತ್ರಪಿಂಡಗಳ ಕಡೆಗೆ ನುಗ್ಗುತ್ತದೆ. ಹೊರಗೆ ಸದಾ ತೊಟ್ಟಿಕ್ಕುತ್ತಿದ್ದರೂ ಒಳಗೆ ಕೋಶ ಬರಿದಾಗಿರುವುದಿಲ್ಲ. ಹುಟ್ಟಿದಾಗ ಈ ಮಕ್ಕಳಲ್ಲಿ ಬಹುತೇಕರ ಮೂತ್ರಪಿಂಡಗಳು ಸರಿಯಾಗಿಯೇ ಇರುತ್ತವೆ. ಕೆಡುವುದು ಆಮೇಲಿನ ಅಲಕ್ಷ್ಯದಿಂದ. ಪದೇ ಪದೇ ಬರುವ ಜ್ವರವನ್ನು ಹವೆಯ ದೋಷವೆಂದು ತಳ್ಳಿಹಾಕಬಾರದು.

ಇದಕ್ಕೆ ಉಪಾಯವಿದೆ, ಅದು ಬಡವರ ಕೈಗೆ ಎಟಕುವಂಥದೇ. 1972ರಲ್ಲಿ ಅಮೇರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜ್ಯಾಕ್ ಲಾಪಿಡೀಸ್ ಮತ್ತವರ ಸಂಗಡಿಗರು ಒಂದು ಮಾತನ್ನು ತೋರಿಸಿಕೊಟ್ಟರು: ಕೆಥೀಟರ್ ಎಂಬ ಸಣ್ಣ ಕೊಳವೆಯಿಂದ ಹೊತ್ತುಹೊತ್ತಿಗೆ ಮೂತ್ರ ತೆಗೆಯಲು ಆಪರೇಷನ್ ಕೋಣೆಯ ಮಡಿ ಬೇಕಿಲ್ಲ, ಸಾಬೂನು ಹಚ್ಚಿ ತೊಳೆದ ಕೈ, ಶುಚಿಯಾದ ಕೊಳವೆ ಸಾಕು. ಸಾಮಾನ್ಯವಾಗಿ ದಿನಕ್ಕೆ 4ರಿಂದ 6 ಬಾರಿ ಹೀಗೆ ಮಾಡಬೇಕು. ಆಸ್ಪತ್ರೆಯಲ್ಲಿ ಒಮ್ಮೆ ಕಲಿಸಿಕೊಟ್ಟರೆ ತಾಯಿ ಮನೆಯಲ್ಲೇ ಮಾಡಬಲ್ಲಳು. ಬೆಳೆದ ಮೇಲೆ ಎಷ್ಟೋ ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ. ಕೋಶದ ಬಿಗಿತ ಇಳಿಸಲು ಕೆಲವರಿಗೆ ಔಷಧವನ್ನೂ ಕೊಡುತ್ತಾರೆ. ವೈದ್ಯರನ್ನು ಕೇಳದೆ ಹೊಟ್ಟೆ ಒತ್ತಿ ಮೂತ್ರ ಹೊರಡಿಸುವುದು ಸಲ್ಲ. ಅದರಿಂದ ಒಳಗಿನ ಒತ್ತಡ ಇನ್ನಷ್ಟು ಏರಬಹುದು. ಈ ಮಕ್ಕಳಿಗೆ ರಬ್ಬರಿನ ಅಲರ್ಜಿ ಬೇಗ ತಗಲುವುದರಿಂದ ರಬ್ಬರಿನದಲ್ಲದ ಕೊಳವೆಯನ್ನೇ ಕೇಳಿ ಪಡೆಯಬೇಕು.

ಹತ್ತು ಅಡಿಯ ಖೋಲಿಯಲ್ಲಿ, ನಳದ ನೀರಿಗೆ ಕಾಯುವ ಚಾಳಿನಲ್ಲಿ ಇದೆಲ್ಲ ಸಾಧ್ಯವೇ ಎಂದು ಓದುಗರು ಕೇಳಬಹುದು. ಸಾಧ್ಯ. ಒಂದು ಪರದೆ, ಒಂದು ಪಾತ್ರೆ, ಸಾಬೂನು, ಒಂದು ತಂಬಿಗೆ ನೀರು. ಇಲ್ಲದಿರುವುದು ನೆರೆಹೊರೆಯ ಸಹಾನುಭೂತಿ. ವಾಸನೆ ಬರುತ್ತದೆಂದು ಮಗುವನ್ನು ತರಗತಿಯಿಂದ ಹೊರಗಿಡುವುದು ಅನ್ಯಾಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ, ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಲ್ಲಬೇಕು. ಶಾಲೆಯಿಂದ ನಾವು ಕೇಳಬೇಕಾದದ್ದು ಮರೆಯಾದ ಒಂದು ಜಾಗ, ಹತ್ತು ನಿಮಿಷದ ಬಿಡುವು, ಇಷ್ಟೇ.

ಹೋಟೆಲಿನಲ್ಲಿ ದುಡಿಯುವ ನಮ್ಮ ಎಷ್ಟೋ ಬಂಧುಗಳ ಮಡದಿ ಮಕ್ಕಳು ಊರಲ್ಲೇ ಇದ್ದಾರೆ. ಹಣ ಕಳುಹಿಸಿದರೆ ತಂದೆಯ ಹೊಣೆ ತೀರಲಿಲ್ಲ. ಫೋನಿನಲ್ಲಿ ಮಗುವಿನ ಕಾಲನ್ನು ಮಾತ್ರವಲ್ಲ, ಮೂತ್ರವನ್ನೂ ವಿಚಾರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ನ್ಯೂನತೆಯೂ ಸೇರಿದೆ. ಊರಿನ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಆಸ್ಪತ್ರೆಯನ್ನು ತಲುಪಬಹುದು. ಮುಂಬಯಿಯಲ್ಲಿರುವವರಿಗೆ ಪರಳದ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ.

ಇನ್ನು, ಗ್ರಹಣ, ಶಾಪ, ತಾಯಿಯ ಪಾಪ ಎಂಬ ಮಾತುಗಳು ನಿಲ್ಲಲಿ. ಬಸಿರಿಗೆ ಮುನ್ನವೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಈ ನ್ಯೂನತೆ ಬಹುಮಟ್ಟಿಗೆ ತಪ್ಪುತ್ತದೆ. ಒಮ್ಮೆ ಇಂಥ ಮಗುವನ್ನು ಹೆತ್ತವಳಿಗೆ ಹೆಚ್ಚು ಪ್ರಮಾಣ, ಅಂದರೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಅಪಾಯ ನೂರಕ್ಕೆ 72ರಷ್ಟು ಇಳಿಯಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ ಸಿದ್ಧಪಡಿಸಿತು. ಅದನ್ನು ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳತಕ್ಕದ್ದು. ಬಸಿರು ತಿಳಿದ ಮೇಲೆ ಆರಂಭಿಸಿದರೆ ಎಷ್ಟೋ ಸಲ ಹೊತ್ತು ಮೀರಿರುತ್ತದೆ.

ನಮ್ಮ ಓಣಿಯಲ್ಲಿ ಇಂಥ ಒಂದು ಮಗುವಿದ್ದರೆ ಅದರ ತಾಯಿ ಆಸ್ಪತ್ರೆಗೆ ಹೋಗುವ ದಿನ ಜೊತೆಗೊಬ್ಬರು ಹೋಗಲಿ, ಅದರ ತಂದೆಯ ಪಾಳಿಯನ್ನು ಸಂಗಾತಿಯೊಬ್ಬ ನೋಡಿಕೊಳ್ಳಲಿ. ಸಂಘ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ.